ತೋಳದ ಪಾಲು ಯಾರ ಹಿಂಡಿನಿಂದ?

ಗಂಗಾವತಿ ಸಮೀಪದ ಬಂಕಾಪುರದಲ್ಲಿ ತೋಳವೊಂದು ಎಂಟು ಮರಿಗಳನ್ನು ಹಾಕಿದೆ ಎಂಬ ಸುದ್ದಿ 2025ರಲ್ಲಿ ಪತ್ರಿಕೆಗಳಲ್ಲಿ ಪ್ರಕಟವಾದಾಗ ವನ್ಯಜೀವಿ ಪ್ರಿಯರು ಸಹಜವಾಗಿಯೇ ಹರ್ಷಪಟ್ಟರು. ನವಿಲುಧಾಮಕ್ಕೆ ಹೆಸರಾದ ಹಾವೇರಿ ಜಿಲ್ಲೆಯ ಬಂಕಾಪುರ ಇದಲ್ಲ. ಇದು ಕೊಪ್ಪಳ ಜಿಲ್ಲೆಯದು. ಇಲ್ಲಿಯ ಕಲ್ಲುಗುಡ್ಡ, ಕುರುಚಲು ಕಾಡು ಮತ್ತು ಹುಲ್ಲುಬಯಲನ್ನು ರಾಜ್ಯ ಸರ್ಕಾರ ತೋಳಗಳಿಗೆಂದೇ ವನ್ಯಜೀವಿಧಾಮವಾಗಿ ಕಾಯ್ದಿರಿಸಿದೆ. ಇಂಥ ಧಾಮಗಳು ದೇಶದಲ್ಲಿ ವಿರಳ. ಇಂದಿನ ಜಾರ್ಖಂಡ್ ರಾಜ್ಯದ ಪಲಾಮು ಸೀಮೆಯ ಮಹುವಾಡಾಂಡ್‌ನಲ್ಲಿ 1976ರಲ್ಲಿ ಒಂದು ಘೋಷಣೆಯಾಯಿತು. ಅದಕ್ಕೂ ಎರಡು ವರ್ಷ ಮೊದಲೇ, 1974ರಲ್ಲಿ, ನಮ್ಮ ಮೇಲುಕೋಟೆಯ ಬೆಟ್ಟಗಳ ಸುತ್ತಲಿನ ಸುಮಾರು 50 ಚದರ ಕಿಲೋಮೀಟರ್ ಪ್ರದೇಶವನ್ನು ತೋಳಗಳ ರಕ್ಷಣೆಯ ಉದ್ದೇಶದಿಂದ ವನ್ಯಜೀವಿಧಾಮವೆಂದು ಸಾರಲಾಗಿತ್ತು. ಇಂದು ಮೇಲುಕೋಟೆಯ ಕಡೆಯಿಂದ ಬರುವುದು ಬಹುಮಟ್ಟಿಗೆ ಚಿರತೆಯ ಸುದ್ದಿಯೇ ಹೊರತು ತೋಳದ ಸುದ್ದಿಯಲ್ಲ.

ಹರ್ಷದ ನಡುವೆಯೂ ಒಂದು ಸರಳ ಲೆಕ್ಕವನ್ನು ನಾವು ಮಾಡಬೇಕಾಗುತ್ತದೆ. ಬಂಕಾಪುರ ಧಾಮದ ವಿಸ್ತೀರ್ಣ ಸುಮಾರು 332 ಹೆಕ್ಟೇರ್, ಅಂದರೆ ಮೂರೂಕಾಲು ಚದರ ಕಿಲೋಮೀಟರ್. ಒಂದು ತೋಳದ ಗುಂಪು ಆಹಾರಕ್ಕಾಗಿ ಅಲೆಯುವ ಸೀಮೆ ಹತ್ತಿರ ಹತ್ತಿರ ಇನ್ನೂರು ಚದರ ಕಿಲೋಮೀಟರ್. ಆದ್ದರಿಂದ ಧಾಮವೆಂಬುದು ತೋಳಕ್ಕೆ ಮರಿ ಹಾಕುವ ಬಾಣಂತಿಕೋಣೆಯಾಗಬಲ್ಲದೇ ವಿನಾ ಊಟದ ಮನೆಯಾಗಲಾರದು. ಎಂಟು ಮರಿಗಳು ಬೆಳೆದು ದೊಡ್ಡವಾಗಲು ಬೇಕಾಗುವ ಮಾಂಸ ಧಾಮದ ಬೇಲಿಯ ಹೊರಗಿನಿಂದಲೇ ಬರಬೇಕು. ಹೊರಗೆ ಇರುವುದು ಹೊಲ, ಗೋಮಾಳ ಮತ್ತು ಕುರಿಹಿಂಡು. ತೋಳದ ಸಂರಕ್ಷಣೆಯ ಕುರಿತ ಚರ್ಚೆ ಆರಂಭವಾಗಬೇಕಾದುದು ಇಲ್ಲಿಂದ.

<b>ಬೇಟೆಗಾರನ ಲೆಕ್ಕ</b>

ಪಾಶ್ಚಾತ್ಯ ದೇಶಗಳಲ್ಲಿ ತೋಳಗಳ ನಿರ್ವಹಣೆ ಎಂದೊಡನೆ ಏಳುವ ಪ್ರಶ್ನೆಯೇ ಬೇರೆ. ಕಾಡಿನ ಕಡವೆ, ಜಿಂಕೆಗಳಲ್ಲಿ ತೋಳದ ಪಾಲೆಷ್ಟು, ಬಂದೂಕು ಹಿಡಿದು ಪರವಾನಗಿ ಪಡೆದು ಬರುವ ಬೇಟೆಗಾರನ ಪಾಲೆಷ್ಟು ಎಂಬುದು ಅಲ್ಲಿಯ ವಾದದ ತಿರುಳು. ಅಲಾಸ್ಕಾ ಸಂಸ್ಥಾನವು 1994ರಲ್ಲಿ ಮಾಡಿದ ಕಾನೂನಿನ ಅನ್ವಯ ಮೂಸ್ ಮತ್ತು ಕ್ಯಾರಿಬೂ ಹಿಂಡುಗಳನ್ನು ಹೆಚ್ಚಿಸಲು ತೋಳಗಳನ್ನು ಕೊಲ್ಲಿಸುತ್ತದೆ. ವಿಮಾನದಿಂದ ಗುಂಡು ಹೊಡೆಯುವುದೂ ಅದರಲ್ಲಿ ಸೇರಿದೆ. ಇಡಾಹೊ ಸಂಸ್ಥಾನವು 2021ರಲ್ಲಿ ತನ್ನ ತೋಳಗಳ ಬಹುಪಾಲನ್ನು ಕೊಲ್ಲಲು ಅವಕಾಶ ನೀಡುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಯುರೋಪಿನ ಒಕ್ಕೂಟವೂ 2025ರಲ್ಲಿ ತೋಳಕ್ಕಿದ್ದ ಕಟ್ಟುನಿಟ್ಟಿನ ರಕ್ಷಣೆಯನ್ನು ಒಂದು ಮೆಟ್ಟಿಲು ಕೆಳಗಿಳಿಸಿತು.

ಇದಕ್ಕೆ ಪ್ರತಿವಾದವೂ ಅಲ್ಲಿಯ ನೆಲದಿಂದಲೇ ಹುಟ್ಟಿದೆ. ಆಲ್ಡೊ ಲಿಯೊಪೋಲ್ಡ್ ಎಂಬ ಅರಣ್ಯಾಧಿಕಾರಿ ತಾರುಣ್ಯದಲ್ಲಿ ತೋಳಗಳನ್ನು ಕಂಡಲ್ಲಿ ಹೊಡೆದವನೇ. ತೋಳ ಕಡಿಮೆಯಾದಷ್ಟೂ ಜಿಂಕೆ ಹೆಚ್ಚುತ್ತದೆ, ಜಿಂಕೆ ಹೆಚ್ಚಿದಷ್ಟೂ ಬೇಟೆಗಾರನಿಗೆ ಸ್ವರ್ಗ ಎಂಬ ಅಂದಿನ ನಂಬಿಕೆಯನ್ನು, ಜಿಂಕೆಗಳು ಮೇದು ಬೋಳಾದ ಬೆಟ್ಟಗಳನ್ನು ಕಂಡ ಮೇಲೆ ಅವನು ಕೈಬಿಟ್ಟ. 1949ರಲ್ಲಿ ಪ್ರಕಟವಾದ ಅವನ ಪುಸ್ತಕ ಇಂದಿಗೂ ಪರಿಸರ ಚಿಂತನೆಯ ಪಠ್ಯ. ಸುಪೀರಿಯರ್ ಸರೋವರದ ನಡುವಿನ ಐಲ್ ರಾಯಲ್ ದ್ವೀಪದಲ್ಲಿ 1958ರಿಂದ ತೋಳ ಮತ್ತು ಮೂಸ್‌ಗಳ ಎಣಿಕೆ ಎಡೆಬಿಡದೆ ನಡೆದಿದೆ. ಒಳಸಂತಾನದ ದೋಷದಿಂದ ತೋಳಗಳು ಸೊರಗಿ 2018ರ ಹೊತ್ತಿಗೆ ಎರಡೇ ಉಳಿದವು. ಮರುವರ್ಷ ಮೂಸ್‌ಗಳ ಸಂಖ್ಯೆ ಎರಡು ಸಾವಿರ ದಾಟಿ, ಅವು ಎಳೆಯ ಸಸಿಗಳನ್ನು ತಲೆಯೆತ್ತಗೊಡದಂತಾಯಿತು. ಕೊನೆಗೆ 2018–19ರಲ್ಲಿ ಹೊರಗಿನಿಂದ 19 ತೋಳಗಳನ್ನು ತಂದು ಬಿಡಬೇಕಾಯಿತು.

ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದ ಕಥೆಯಂತೂ ಶಾಲಾ ಮಕ್ಕಳಿಗೂ ಗೊತ್ತು. 1995 ಮತ್ತು 1996ರಲ್ಲಿ ಕೆನಡಾದಿಂದ 31 ತೋಳಗಳನ್ನು ತಂದು ಅಲ್ಲಿ ಬಿಟ್ಟರು. ಉತ್ತರ ಭಾಗದಲ್ಲಿ ಸುಮಾರು 19 ಸಾವಿರದಷ್ಟಿದ್ದ ಎಲ್ಕ್ ಕಡವೆಗಳು ಎರಡು ದಶಕಗಳಲ್ಲಿ ನಾಲ್ಕೈದು ಸಾವಿರಕ್ಕೆ ಇಳಿದವು, ಕೆಲವೆಡೆ ಹೊಳೆಯ ದಂಡೆಯ ಗಿಡಮರಗಳು ಮತ್ತೆ ಚಿಗುರಿದವು. ಆದರೆ ಈ ಇಳಿಕೆಗೆ ತೋಳವೊಂದೇ ಕಾರಣವಲ್ಲ. ಕರಡಿ, ಪ್ಯೂಮಾ, ಬರಗಾಲ ಹಾಗೂ ಉದ್ಯಾನದ ಗಡಿಯಾಚೆಗಿನ ಬೇಟೆಗಾರರು ಕೂಡ ಅದರಲ್ಲಿ ಪಾಲುದಾರರೆಂದು ವಿಜ್ಞಾನಿಗಳು ಈಗ ಎಚ್ಚರಿಸುತ್ತಾರೆ. ತೋಳವು ಮೃಗಹಿಂಡಿನ ಮೇಲೆ ಪರಿಣಾಮ ಬೀರುತ್ತದೆ ಎಂಬುದು ನಿಜ. ಎಷ್ಟು ಬೀರುತ್ತದೆ ಎಂಬುದನ್ನು ನಿರ್ಧರಿಸುವುದು ಅಲ್ಲಿಯ ನೆಲ, ಮಳೆ ಮತ್ತು ಮನುಷ್ಯ.

ಈ ವಾದವನ್ನು ಹಾಗೆಯೇ ಎತ್ತಿ ತಂದು ಕರ್ನಾಟಕದಲ್ಲಿ ನೆಡಲು ಸಾಧ್ಯವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಬೇಟೆಗಾರನೆಂಬ ಪಾಲುದಾರ ಕಾನೂನಿನ ಮಟ್ಟಿಗಾದರೂ ಇಲ್ಲ. ತೋಳ ಮತ್ತು ಅದರ ಸಹಜ ಆಹಾರವಾದ ಕೃಷ್ಣಮೃಗ ಎರಡೂ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಇವಕ್ಕೂ ಇದೆ. ಹಾಗಾದರೆ ನಮ್ಮ ಬಯಲುಸೀಮೆಯಲ್ಲಿ ತೋಳದ ಎದುರು ಕುಳಿತಿರುವ ಪಾಲುದಾರ ಯಾರು? ಕಂಬಳಿ ಹೊದ್ದು ಬಯಲಿನಲ್ಲಿ ಮಲಗುವ ಕುರಿಗಾಹಿ.

<b>ನಮ್ಮ ಬಯಲಿನ ಲೆಕ್ಕ</b>

ಭಾರತದ ತೋಳ ಗಾತ್ರದಲ್ಲಿ ಸಣ್ಣದು. ಇಪ್ಪತ್ತು ಕಿಲೋ ಆಸುಪಾಸಿನ ಮೈ, ನೆಲದ ಬಣ್ಣಕ್ಕೆ ಹೊಂದುವ ತೆಳು ತುಪ್ಪಳ, ನಾಲ್ಕಾರು ಪ್ರಾಣಿಗಳ ಪುಟ್ಟ ಗುಂಪು. ಜಗತ್ತಿನ ತೋಳಗಳಲ್ಲೇ ಅತಿ ಪ್ರಾಚೀನವಾದ ಕವಲುಗಳಲ್ಲಿ ಇದೊಂದು ಎಂದು 2021ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ತೋರಿಸಿತು. ದೇಶದಲ್ಲಿ ಇಂದು ಉಳಿದಿರುವುದು ಸುಮಾರು ಮೂರು ಸಾವಿರ ಮಾತ್ರ. ಬ್ರಿಟಿಷರ ಆಳ್ವಿಕೆಯಲ್ಲಿ ತೋಳದ ತಲೆಗೆ ಇನಾಮು ಇತ್ತು. 1875ರಿಂದ 1925ರವರೆಗಿನ ಐವತ್ತು ವರ್ಷಗಳಲ್ಲಿ ಇನಾಮಿಗಾಗಿ ಕೊಂದ ತೋಳಗಳು ಎರಡು ಲಕ್ಷಕ್ಕೂ ಅಧಿಕ ಎಂದು ಇತಿಹಾಸಕಾರ ಮಹೇಶ್ ರಂಗರಾಜನ್ ಲೆಕ್ಕ ಹಾಕಿದ್ದಾರೆ. ಅದೇ ಅವಧಿಯಲ್ಲಿ ಸತ್ತ ಹುಲಿಗಳ ಸಂಖ್ಯೆ ಎಂಬತ್ತು ಸಾವಿರ. ಹುಲಿಗಾಗಿ ನಾವು ಮರುಗಿದೆವು, ಯೋಜನೆ ರೂಪಿಸಿದೆವು. ತೋಳಕ್ಕಾಗಿ ಮರುಗಿದವರು ಕಡಿಮೆ.

ತೋಳ ಮತ್ತು ಕೃಷ್ಣಮೃಗದ ನಂಟನ್ನು ಚೆನ್ನಾಗಿ ಅಧ್ಯಯನ ಮಾಡಿರುವುದು ಗುಜರಾತಿನ ವೇಳಾವದರ್ ರಾಷ್ಟ್ರೀಯ ಉದ್ಯಾನದಲ್ಲಿ. ಅಲ್ಲಿ ಹುಲ್ಲುಗಾವಲು ಹುಲ್ಲುಗಾವಲಾಗಿಯೇ ಉಳಿದಿದೆ, ಕೃಷ್ಣಮೃಗಗಳ ಹಿಂಡೂ ಇದೆ. ಆದ್ದರಿಂದ ತೋಳ ಅದನ್ನೇ ಬೇಟೆಯಾಡುತ್ತದೆ. ಸೊಲ್ಲಾಪುರದ ಬಳಿಯ ನಾನ್ನಜ್‌ನಲ್ಲಿ ಸ್ಥಿತಿ ಬೇರೆ: ಅಲ್ಲಿಯ ತೋಳಗಳ ಆಹಾರದಲ್ಲಿ ಸಾಕುಪ್ರಾಣಿಗಳ ಪಾಲು ದೊಡ್ಡದು. ಓಟದಲ್ಲಿ ಕೃಷ್ಣಮೃಗವನ್ನು ಸರಿಗಟ್ಟುವ ಪ್ರಾಣಿ, ಚೀತಾ ಅಳಿದ ಮೇಲೆ, ನಮ್ಮ ಬಯಲಿನಲ್ಲಿ ಇಲ್ಲ. ತೋಳವು ಹುಲ್ಲಿನಲ್ಲಿ ಅಡಗಿಸಿಟ್ಟ ಮರಿಗಳನ್ನು ಹುಡುಕಿ, ಸರದಿಯಂತೆ ಅಟ್ಟಿ, ದಣಿದದ್ದನ್ನೋ ಗಾಯಗೊಂಡದ್ದನ್ನೋ ಹಿಡಿಯಬೇಕು. ಕುರಿ ಹಾಗಲ್ಲ. ಸಾವಿರಾರು ವರ್ಷಗಳ ಸಾಕಣೆಯಲ್ಲಿ ಓಡುವುದನ್ನೇ ಮರೆತ ಪ್ರಾಣಿ ಅದು.

2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿದ್ದ ಕುರಿಗಳು ಸುಮಾರು ಒಂದು ಕೋಟಿ ಹತ್ತು ಲಕ್ಷ. ಮೇಕೆಗಳು ಅರವತ್ತು ಲಕ್ಷದ ಮೇಲೆ. ಬಯಲುಸೀಮೆಯ ಬಹುತೇಕ ಕಡೆ ಕಾಡುಮೃಗಗಳ ಹಿಂಡು ಕರಗಿಹೋಗಿರುವಾಗ ತೋಳದ ಪಾಲಿಗೆ ಉಳಿದಿರುವ ‘ಮೃಗಹಿಂಡು’ ಇದೇ. ತೋಳದಿಂದ ಯಾವ ಹಿಂಡಿಗೆ ಎಷ್ಟು ಹಾನಿ ಎಂಬ ಪ್ರಶ್ನೆಗೆ ನಮ್ಮಲ್ಲಿ ಉತ್ತರ ದೊರೆಯುವುದು ಕುರಿಹಟ್ಟಿಯಲ್ಲಿ.

ಅಚ್ಚರಿಯ ಸಂಗತಿಯೆಂದರೆ, ಇಷ್ಟು ನಷ್ಟ ಉಂಡೂ ನಮ್ಮ ಕುರಿಗಾಹಿಗಳು ತೋಳವನ್ನು ನಿರ್ನಾಮ ಮಾಡಲಿಲ್ಲ. ಹಿಂಡಿನಲ್ಲಿ ತೋಳಕ್ಕೂ ಒಂದು ಪಾಲಿದೆ ಎಂಬ ಭಾವನೆ ದಖ್ಖನಿನ ಕುರಿಗಾಹಿಗಳಲ್ಲಿ ಹಳೆಯದು. ಇದನ್ನು ಕವಿಸಹಜವಾಗಿ ಹಿಗ್ಗಿಸಿ ಹೇಳುವ ಅಗತ್ಯವಿಲ್ಲ. ಬಿಲಗಳಿಗೆ ಹೊಗೆ ಹಾಕಿ ಮರಿಗಳನ್ನು ಕೊಂದವರೂ, ಸತ್ತ ಕುರಿಗೆ ವಿಷ ಹಾಕಿ ಇಟ್ಟವರೂ ಇದ್ದಾರೆ. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಆದರೂ, ಇನಾಮಿನ ಕಾಲದ ಸರ್ಕಾರ ತೋಳವನ್ನು ಅಳಿಸಲು ಹಣ ಕೊಟ್ಟಿತು. ಈಗಿನ ಸರ್ಕಾರ ಅದನ್ನು ಉಳಿಸಲು ಕಾಯ್ದೆ ಮಾಡಿತು. ಇವೆರಡರ ನಡುವೆ ತೋಳಕ್ಕೆ ನಿತ್ಯದ ಅನ್ನ ಹಾಕಿದವನು ಕುರಿಗಾಹಿ. ಆ ಅನ್ನದ ಖರ್ಚು ಯಾವ ಇಲಾಖೆಯ ಲೆಕ್ಕಪತ್ರದಲ್ಲಿಯೂ ಪೂರ್ತಿಯಾಗಿ ಕಾಣಿಸಿಕೊಳ್ಳುವುದಿಲ್ಲ.

<b>ಜಿಂಕೆಯ ಹಾವಳಿಗೆ ತೋಳ ಮದ್ದೇ?</b>

ಉತ್ತರ ಕರ್ನಾಟಕದ ರೈತರ ದೂರು ಇದಕ್ಕೆ ತದ್ವಿರುದ್ಧವಾದುದು. ಕೊಪ್ಪಳ, ಗದಗ, ಹಾವೇರಿ ಜಿಲ್ಲೆಗಳ ಎರೆಹೊಲಗಳಲ್ಲಿ ಕೃಷ್ಣಮೃಗಗಳು ಮೊಳಕೆಯೊಡೆದ ಹೆಸರು, ಶೇಂಗಾ, ಜೋಳದ ಪೈರನ್ನು ಮೇದು ಹೋಗುತ್ತವೆ. ಬಿತ್ತಿದ್ದನ್ನೇ ಮತ್ತೆ ಬಿತ್ತಬೇಕಾದ ರೈತನಿಗೆ ಕೃಷ್ಣಮೃಗದ ಸೌಂದರ್ಯದ ಬಗ್ಗೆ ಉಪನ್ಯಾಸ ಹಿಡಿಸುವುದಿಲ್ಲ. ತೋಳಗಳು ಹೆಚ್ಚಿದರೆ ಜಿಂಕೆಗಳು ತಾನಾಗಿ ಹತೋಟಿಗೆ ಬರುತ್ತವೆ ಎಂದು ಪರಿಸರಪ್ರಿಯರು ಈ ಸಂದರ್ಭದಲ್ಲಿ ಹೇಳುವುದುಂಟು. ಈ ಮಾತಿನಲ್ಲಿ ಸತ್ಯಾಂಶವಿದೆ, ಆದರೆ ಪೂರ್ಣ ಸತ್ಯವಿಲ್ಲ.

ರಾಣೆಬೆನ್ನೂರನ್ನು ನೋಡಿ. 119 ಚದರ ಕಿಲೋಮೀಟರ್‌ನ ಆ ಪ್ರದೇಶ 1974ರಲ್ಲಿ ಕೃಷ್ಣಮೃಗ ಅಭಯಾರಣ್ಯವಾಯಿತು. ತೋಳವೂ ಅಲ್ಲಿಯ ನಿವಾಸಿಯೇ. ಆದರೆ ಅಭಯಾರಣ್ಯದ ಬಹುಭಾಗದಲ್ಲಿ ಬೆಳೆದು ನಿಂತದ್ದು ನೀಲಗಿರಿ ನೆಡುತೋಪು. ತೆರೆದ ಹುಲ್ಲುಬಯಲಿನ ಪ್ರಾಣಿಗೆ ಮರದ ಸಾಲುಗಳನ್ನು ಕೊಟ್ಟು ಅಭಯ ಎಂದೆವು. ನೀಲಗಿರಿಯ ಕೆಳಗೆ ಹುಲ್ಲು ಸೊರಗುತ್ತದೆ; ಸೊರಗಿದ ಹುಲ್ಲಿನಿಂದ ಕೃಷ್ಣಮೃಗ ಪಕ್ಕದ ಹೊಲಕ್ಕೆ ಇಳಿಯುತ್ತದೆ; ತೋಳ ಅದಕ್ಕಿಂತ ಸುಲಭವಾಗಿ ಸಿಗುವ ಕುರಿಯ ಕಡೆಗೆ ತಿರುಗುತ್ತದೆ. ಇಬ್ಬರು ಬಡವರು, ರೈತ ಮತ್ತು ಕುರಿಗಾಹಿ, ಎರಡು ಪ್ರತ್ಯೇಕ ಪ್ರಾಣಿಗಳ ಮೇಲೆ ಎರಡು ಪ್ರತ್ಯೇಕ ದೂರು ಕೊಡುತ್ತಾರೆ. ಎರಡು ದೂರುಗಳಿಗೂ ಮೂಲ ಒಂದೇ, ಹುಲ್ಲು ಇಲ್ಲದಿರುವುದು.

ತುಮಕೂರು ಜಿಲ್ಲೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಯಲು ಇನ್ನೊಂದು ಉದಾಹರಣೆ. 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಣೆಯಾದ ಆ ಜಾಗದ ವಿಸ್ತೀರ್ಣ 798 ಎಕರೆ. ಅಲ್ಲಿ ಹುಲ್ಲು ಉಳಿದುಕೊಂಡಿದೆ, ಹಿಂಡೂ ಉಳಿದುಕೊಂಡಿದೆ. ಆದರೆ ಸುತ್ತ ಹೊಲಗಳ ನಡುವೆ ಅದು ಒಂದು ದ್ವೀಪ. ಅಷ್ಟು ಸಣ್ಣ ದ್ವೀಪದ ಆಧಾರದ ಮೇಲೆ ತೋಳದ ಒಂದು ಗುಂಪು ಬದುಕಲಾರದು. ತೋಳವನ್ನು ಜಿಂಕೆ ನಿಯಂತ್ರಣದ ಯಂತ್ರವೆಂದು ಭಾವಿಸುವವರು ಯಂತ್ರಕ್ಕೆ ಬೇಕಾದ ಜಾಗವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಬೆಳೆ ಕಳೆದುಕೊಂಡ ರೈತನಿಗೆ ಸಕಾಲದಲ್ಲಿ ಪರಿಹಾರ ಕೊಡುವುದಕ್ಕೆ ತೋಳ ಪರ್ಯಾಯವಾಗಲಾರದು.

<b>ನೆಲಮಂಗಲದ ಪಾಠ</b>

ನಾನು ನೆಲಮಂಗಲದ ಸೀಮೆಯವನು. ನನ್ನ ಬಾಲ್ಯದಲ್ಲಿ ಸುಗ್ಗಿ ಮುಗಿದ ಹೊಲಗಳಿಗೆ ಕುರಿಮಂದೆ ಹಾಕಿಸುವ ರೂಢಿಯಿತ್ತು. ಮಧುಗಿರಿ, ಸಿರಾ ಕಡೆಯಿಂದ ಇಳಿದು ಬರುತ್ತಿದ್ದ ಹಿಂಡುಗಳು ರಾಗಿ ಕೂಳೆಯ ಮೇಲೆ ರಾತ್ರಿ ತಂಗುತ್ತಿದ್ದವು; ಬೆಳಗಾಗುವಷ್ಟರಲ್ಲಿ ಹೊಲಕ್ಕೆ ಗೊಬ್ಬರ, ಕುರಿಗಾಹಿಗೆ ದವಸ. ಹಿರಿಯರ ಮಾತಿನಲ್ಲಿ ತೋಳ ಆಗಾಗ ಬರುತ್ತಿತ್ತು. ಅವರಿಗೆ ಅದು ಕತೆಯ ಪ್ರಾಣಿಯಾಗಿರಲಿಲ್ಲ, ಲೆಕ್ಕದ ಪ್ರಾಣಿಯಾಗಿತ್ತು: ಇಂಥ ವರ್ಷ ಇಷ್ಟು ಮರಿ ಹೋದವು ಎಂದು ನೆನಪಿಟ್ಟುಕೊಳ್ಳುವ ಬಾಬತ್ತು. ನನ್ನ ತಲೆಮಾರಿನ ಹೊತ್ತಿಗೆ ಆ ಲೆಕ್ಕ ನಿಂತುಹೋಗಿತ್ತು.

ನಮ್ಮ ತಾಲ್ಲೂಕಿನಲ್ಲಿ ತೋಳಕ್ಕೆ ಏನಾಯಿತು ಎಂದು ಕೇಳಿದರೆ, ಅದನ್ನು ಯಾರೂ ಒಟ್ಟಾಗಿ ಕೊಂದುಹಾಕಲಿಲ್ಲ ಎಂದೇ ಹೇಳಬೇಕು. ಅದರ ಕಾಲಡಿಯ ನೆಲ ಬೇರೆಯಾಯಿತು. ಎಂಬತ್ತರ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನ ಸಾಮಾಜಿಕ ಅರಣ್ಯ ಯೋಜನೆ ಬಂದಿತು. ಬೆಂಗಳೂರು, ಕೋಲಾರ ಜಿಲ್ಲೆಗಳ ಗೋಮಾಳ ಮತ್ತು ರಾಗಿಹೊಲಗಳಲ್ಲಿ ನೀಲಗಿರಿ ಹಬ್ಬಿತು. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ ನಿಷೇಧಿಸಿದ್ದು 2017ರಲ್ಲಿ. ಅಷ್ಟರೊಳಗೆ ತುಮಕೂರು ರಸ್ತೆ, ಹಾಸನ ರಸ್ತೆಗಳು ಕವಲೊಡೆಯುವ ನೆಲಮಂಗಲ ಗೋದಾಮುಗಳ ಊರಾಗಿತ್ತು. ದಾಬಸ್‌ಪೇಟೆಯ ಕೈಗಾರಿಕಾ ಪ್ರದೇಶ ಬೆಳೆಯಿತು. ಅಲ್ಲಿಂದ ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಮಾರ್ಗವಾಗಿ ಹೊಸಕೋಟೆಗೆ ಹೋಗುವ ಉಪನಗರ ವರ್ತುಲ ಹೆದ್ದಾರಿಯೂ ಈಗ ಬಂದಿದೆ. ರಾತ್ರಿಯೊಂದರಲ್ಲಿ ಹತ್ತಾರು ಕಿಲೋಮೀಟರ್ ನಡೆಯುವ ಪ್ರಾಣಿಗೆ ಇಂಥ ಒಂದೊಂದು ರಸ್ತೆಯೂ ಒಂದೊಂದು ಗೋಡೆ.

ತೋಳ ಹೋದ ಮೇಲೆ ಜಾಗ ಖಾಲಿಯಾಗಿ ಉಳಿಯಲಿಲ್ಲ. ಶಿವಗಂಗೆಯ ಸುತ್ತಲಿನ ಬಂಡೆಗುಡ್ಡಗಳಲ್ಲಿ ಚಿರತೆ ನೆಲೆಸಿದೆ. ಬಯಲಿನ ಪ್ರಾಣಿಯಾದ ತೋಳಕ್ಕೆ ಒಗ್ಗದ ತೋಪು, ಪೊದೆ, ಕಲ್ಲುಸಂದು ಅದಕ್ಕೆ ಒಗ್ಗುತ್ತವೆ. ನಾಯಿ, ಕರು, ಮೇಕೆಗಳೇ ಅದಕ್ಕೆ ಆಹಾರ. 2024ರ ನವೆಂಬರ್‌ನಲ್ಲಿ ಈ ಭಾಗದ ಗೊಲ್ಲರಹಟ್ಟಿಯೊಂದರ ಮಹಿಳೆ ಚಿರತೆಗೆ ಬಲಿಯಾದ ದುರಂತವನ್ನು ನಾವು ಮರೆಯುವಂತಿಲ್ಲ. ಬಯಲನ್ನಂತೂ ಬೀದಿನಾಯಿಗಳು ತುಂಬಿಕೊಂಡವು. 2019ರ ಗಣತಿಯಲ್ಲಿ ದೇಶದ ಬೀದಿನಾಯಿಗಳು ಒಂದೂವರೆ ಕೋಟಿ. ಮೂರು ಸಾವಿರ ತೋಳಗಳು ಎಲ್ಲಿ, ಒಂದೂವರೆ ಕೋಟಿ ನಾಯಿಗಳು ಎಲ್ಲಿ! ಊರಾಚೆಯ ನಾಯಿಹಿಂಡುಗಳು ಕುರಿಯನ್ನೂ ಹಿಡಿಯುತ್ತವೆ, ಜಿಂಕೆಯನ್ನೂ ಹಿಡಿಯುತ್ತವೆ, ರೇಬಿಸ್ ಮತ್ತು ಡಿಸ್ಟೆಂಪರ್ ರೋಗಗಳನ್ನು ಕಾಡುಪ್ರಾಣಿಗಳಿಗೂ ಹಂಚುತ್ತವೆ. ಪುಣೆಯ ಬಳಿ ತೋಳ ಮತ್ತು ನಾಯಿಯ ಮಿಶ್ರತಳಿ ಹುಟ್ಟಿರುವುದನ್ನು 2023ರಲ್ಲಿ ವಂಶವಾಹಿ ಪರೀಕ್ಷೆ ದೃಢಪಡಿಸಿತು. ತೋಳವನ್ನು ಗುಂಡಿನಿಂದ ಉಳಿಸಿಕೊಂಡ ಮೇಲೂ ನಾಯಿಯ ರಕ್ತದಲ್ಲಿ ಕರಗಿ ಕಳೆದುಕೊಳ್ಳುವ ಅಪಾಯ ನಮ್ಮ ಮುಂದಿದೆ.

ನೆಲಮಂಗಲದಿಂದ ಪೂರ್ವಕ್ಕೆ ಸ್ವಲ್ಪವೇ ದೂರದ ಹೆಸರಘಟ್ಟದಲ್ಲಿ ಹಳೆಯ ಹುಲ್ಲುಗಾವಲಿನ ಒಂದು ತುಣುಕು ಇನ್ನೂ ಉಳಿದಿದೆ. ಅರ್ಕಾವತಿಗೆ ಅಡ್ಡಲಾಗಿ 1894ರಲ್ಲಿ ಕಟ್ಟಿದ ಕೆರೆ ಒಂದು ಕಾಲಕ್ಕೆ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟಿತು. ಅದರ ಜಲಾನಯನದ ಬಯಲು ಬಹುಪಾಲು ಪಶುಸಂಗೋಪನಾ ಇಲಾಖೆಯ ವಶದಲ್ಲಿದ್ದುದರಿಂದಲೇ ಬಡಾವಣೆಯಾಗದೆ ಬಚಾವಾಯಿತು. ಈ ಐದು ಸಾವಿರಕ್ಕೂ ಹೆಚ್ಚು ಎಕರೆಯನ್ನು ಸಂರಕ್ಷಣಾ ಮೀಸಲು ಮಾಡುವ ಪ್ರಸ್ತಾವವನ್ನು ರಾಜ್ಯ ವನ್ಯಜೀವಿ ಮಂಡಳಿ 2021ರ ಜನವರಿಯಲ್ಲಿ ಬದಿಗಿರಿಸಿತು. 2024ರ ಅಕ್ಟೋಬರ್‌ನಲ್ಲಿ ಅದೇ ಮಂಡಳಿ ಒಪ್ಪಿಗೆ ಕೊಟ್ಟಿತು. ಸ್ಥಳೀಯರ ವಿರೋಧಕ್ಕೆ ಮುಖ್ಯ ಕಾರಣ, ದನ ಕುರಿ ಮೇಯಿಸುವ ಹಕ್ಕು ಹೋಗುತ್ತದೆಂಬ ಭಯ. ಕಾಯ್ದೆಯಲ್ಲಿರುವ ‘ಸಂರಕ್ಷಣಾ ಮೀಸಲು’ ಅಭಯಾರಣ್ಯಕ್ಕಿಂತ ಭಿನ್ನ. ಸ್ಥಳೀಯರೊಂದಿಗೆ ಸಮಾಲೋಚಿಸಿಯೇ ಘೋಷಿಸಬೇಕು, ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿಗಳಿರಬೇಕು ಎಂಬುದು ನಿಯಮ. ಇದನ್ನು ಹಳ್ಳಿಗಳಿಗೆ ಹೋಗಿ ತಿಳಿಯಹೇಳುವ ಕೆಲಸವನ್ನು ಸರ್ಕಾರ ಮೊದಲೇ ಮಾಡಿದ್ದರೆ ಇಷ್ಟು ವರ್ಷಗಳ ಜಗ್ಗಾಟ ಬೇಕಿರಲಿಲ್ಲ.

<b>ಭಯಕ್ಕೂ ಆಧಾರವಿದೆ</b>

ತೋಳದ ಪರ ಮಾತನಾಡುವವರು ಸಾಮಾನ್ಯವಾಗಿ ದಾಟಿಹೋಗುವ ಒಂದು ಅಧ್ಯಾಯವಿದೆ. 1996ರಲ್ಲಿ ಪೂರ್ವ ಉತ್ತರ ಪ್ರದೇಶದ ಪ್ರತಾಪಗಢ, ಸುಲ್ತಾನಪುರ, ಜೌನಪುರ ಜಿಲ್ಲೆಗಳಲ್ಲಿ ತೋಳದ ದಾಳಿಗೆ ಹತ್ತಾರು ಮಕ್ಕಳು ತುತ್ತಾದರು. ಅದೇ ರಾಜ್ಯದ ಬಹರಾಯಿಚ್‌ನಲ್ಲಿ 2024ರ ಮಳೆಗಾಲದಲ್ಲಿ ಕನಿಷ್ಠ ಎಂಟು ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಬಾಗಿಲಿಲ್ಲದ ಮನೆ, ಹೊರಗೆ ಮಲಗುವ ಅನಿವಾರ್ಯತೆ, ಕೆಲಸಕ್ಕೆ ಹೋದ ತಾಯಂದಿರು: ಎರಡೂ ಪ್ರಸಂಗಗಳಲ್ಲಿ ಬಲಿಯಾದವರು ಬಡವರ ಮಕ್ಕಳೇ. ದಖ್ಖನ್ ಪ್ರಸ್ಥಭೂಮಿಯ ಈಚಿನ ದಶಕಗಳ ಅನುಭವ ಇಂಥದ್ದಲ್ಲ. ಇಲ್ಲಿ ತೋಳ ಮನುಷ್ಯನಿಂದ ದೂರ ಸರಿಯುತ್ತದೆ, ಅದರ ಕಣ್ಣು ಕುರಿಯ ಮೇಲೆ. ಆದರೆ ಈ ಸಮಾಧಾನ ಎಂದೆಂದಿಗೂ ಖಾತರಿಯೆಂದು ಭಾವಿಸುವುದು ಜಾಣತನವಲ್ಲ.

ಮನುಷ್ಯನ ಪ್ರಾಣಕ್ಕೆ ಅಪಾಯಕಾರಿಯಾದ ಪ್ರಾಣಿಯನ್ನು ಹಿಡಿಯಲು, ಬೇರೆ ದಾರಿಯಿಲ್ಲದಾಗ ಕೊಲ್ಲಲು ಕೂಡ, ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಕಾಯ್ದೆ ಅಧಿಕಾರ ಕೊಟ್ಟಿದೆ. ಅಂಥ ಸಂದರ್ಭ ಬಂದರೆ ಆ ಪ್ರಾಣಿಯನ್ನು ಗುರುತಿಸಿ ಬೇಗ ಕ್ರಮ ಕೈಗೊಳ್ಳುವುದು ತೋಳಕುಲದ ಹಿತದೃಷ್ಟಿಯಿಂದಲೂ ಅಗತ್ಯ. ತಡ ಮಾಡಿದಷ್ಟೂ ಜನ ಕಂಡ ಕಂಡ ತೋಳ, ನರಿ, ಗುಳ್ಳೆನರಿಗಳನ್ನೆಲ್ಲ ಕೊಲ್ಲುತ್ತಾರೆ.

<b>ಖರ್ಚು ಯಾರದು?</b>

ಹಾಗಾದರೆ ತೋಳಗಳ ನಿರ್ವಹಣೆ ಎಂದರೆ ನಮ್ಮಲ್ಲಿ ಏನರ್ಥ? ಮೊದಲನೆಯದಾಗಿ, ಕುರಿಗಾಹಿಗೆ ಸಲ್ಲಬೇಕಾದ ಹಣ ಅವನ ಕೈಗೆ ತಲುಪಬೇಕು. ಪರಿಹಾರದ ನಿಯಮಗಳು ಒಂದೇ ಊರಿನಲ್ಲಿ ನೆಲೆನಿಂತವನನ್ನು ಮನಸ್ಸಿನಲ್ಲಿಟ್ಟುಕೊಂಡು ರಚಿತವಾದವು. ಕಳೇಬರ ತೋರಿಸಬೇಕು, ಪಶುವೈದ್ಯರು ಬರಬೇಕು, ಸ್ಥಳ ಪರಿಶೀಲನೆ ಆಗಬೇಕು. ತೋಳ ಮರಿಯನ್ನು ಹೊತ್ತೊಯ್ದಿದ್ದರೆ ತೋರಿಸಲು ಕಳೇಬರವೇ ಇರುವುದಿಲ್ಲ. ಇನ್ನೂರು ಕುರಿಗಳ ಹಿಂಡನ್ನು ಹಸಿವಿನಲ್ಲಿ ನಿಲ್ಲಿಸಿ, ಪರಸ್ಥಳದಲ್ಲಿ ಕಚೇರಿ ಹುಡುಕಿಕೊಂಡು ಅಲೆಯಲು ಅವನಿಗೆ ಬಿಡುವೂ ಇಲ್ಲ. ವಲಸೆ ಕುರಿಗಾಹಿಗಳಿಗೆ ಗುರುತಿನ ಚೀಟಿ, ಮೊಬೈಲ್ ಚಿತ್ರದ ಆಧಾರದ ಮೇಲೆ ಯಾವುದೇ ತಾಲ್ಲೂಕಿನಲ್ಲಿ ದೂರು ಸಲ್ಲಿಸುವ ಅವಕಾಶ, ನಿಗದಿತ ದಿನಗಳೊಳಗೆ ಬ್ಯಾಂಕ್ ಖಾತೆಗೆ ಹಣ: ಇಷ್ಟು ಮಾಡಲು ಹೊಸ ಕಾಯ್ದೆ ಬೇಕಾಗಿಲ್ಲ. ರಾತ್ರಿ ತಂಗುವ ಹಿಂಡಿಗೆ ಮಡಚಿ ಒಯ್ಯಬಹುದಾದ ಬಲೆ ಬೇಲಿ ಕೊಟ್ಟರೆ ನಷ್ಟವೇ ತಗ್ಗುತ್ತದೆ.

ಎರಡನೆಯದಾಗಿ, ಮರಿ ಹಾಕುವ ಚಳಿಗಾಲ ಮತ್ತು ಬೇಸಿಗೆಯ ಮೊದಲ ತಿಂಗಳುಗಳಲ್ಲಿ ಬಿಲಗಳ ಸುತ್ತ ಕಾವಲು ಬೇಕು. ಆ ಕಾವಲಿಗೆ ಕುರಿಗಾಹಿ ಕುಟುಂಬದ ಯುವಕರಿಗಿಂತ ಅರ್ಹರು ಯಾರಿದ್ದಾರೆ? ತೋಳ ಎಲ್ಲಿ ಮರಿ ಹಾಕಿದೆ ಎಂಬುದು ಅರಣ್ಯ ಇಲಾಖೆಗಿಂತ ಮೊದಲು ಗೊತ್ತಾಗುವುದು ಅವರಿಗೆ. ಮೂರನೆಯದಾಗಿ, ತೋಳವಿರುವ ತಾಲ್ಲೂಕುಗಳ ಹಳ್ಳಿಗಳಲ್ಲಿ ನಾಯಿಗಳಿಗೆ ಲಸಿಕೆ ಮತ್ತು ಸಂತಾನಹರಣ ಚಿಕಿತ್ಸೆ ವನ್ಯಜೀವಿ ಕಾರ್ಯಕ್ರಮದ ಅಂಗವಾಗಬೇಕು.

ಎಲ್ಲಕ್ಕಿಂತ ದೊಡ್ಡ ಕೆಲಸ ಹುಲ್ಲುಗಾವಲನ್ನು ಹುಲ್ಲುಗಾವಲೆಂದು ಒಪ್ಪಿಕೊಳ್ಳುವುದು. ಸರ್ಕಾರದ ದಾಖಲೆಗಳಲ್ಲಿ ಇಂಥ ನೆಲಕ್ಕೆ ಬಂಜರು, ಪಾಳು ಎಂಬ ಹೆಸರು. ಮೈಸೂರು ಅರಸರು ಅಮೃತಮಹಲ್ ರಾಸುಗಳಿಗಾಗಿ ಕಾಯ್ದಿಟ್ಟ ಕಾವಲುಗಳು ಲಕ್ಷಾಂತರ ಎಕರೆಯಿಂದ ಕುಗ್ಗುತ್ತ ಬಂದದ್ದು ಈ ಹೆಸರಿನ ಬಲದಿಂದಲೇ. ಚಳ್ಳಕೆರೆ ತಾಲ್ಲೂಕಿನಲ್ಲಿ ಸುಮಾರು ಹತ್ತು ಸಾವಿರ ಎಕರೆ ಕಾವಲು ಪ್ರದೇಶ ರಕ್ಷಣಾ ಮತ್ತು ವೈಜ್ಞಾನಿಕ ಸಂಸ್ಥೆಗಳ ಪಾಲಾದಾಗ ಸುತ್ತಲಿನ ಹಳ್ಳಿಗಳ ಕುರಿಗಾಹಿಗಳು ಬೇಲಿಯ ಹೊರಗೆ ಉಳಿದರು. ಇಂದು ಅಂಥ ಬಯಲುಗಳ ಮೇಲೆ ಸೌರ ಫಲಕಗಳ ಕಣ್ಣೂ ಬಿದ್ದಿದೆ. ಪ್ರತಿ ಮಳೆಗಾಲದಲ್ಲಿ ಸದುದ್ದೇಶದಿಂದಲೇ ನಡೆಯುವ ಗಿಡ ನೆಡುವ ಉತ್ಸವಗಳೂ ಮರವಿಲ್ಲದ ಜಾಗವನ್ನು ಹುಡುಕಿಕೊಂಡು ಹುಲ್ಲುಬಯಲಿಗೇ ಬರುತ್ತವೆ. ಮರವಿಲ್ಲದಿರುವುದು ಆ ನೆಲದ ಕೊರತೆಯಲ್ಲ, ಸ್ವಭಾವ ಎಂಬುದು ನಗರದ ಓದುಗರಾದ ನಮಗೂ ಮನದಟ್ಟಾಗಬೇಕಿದೆ.

ದಾವಣಗೆರೆಯ ಪಕ್ಕ ತೋಳಹುಣಸೆ ಎಂಬ ಊರಿದೆ, ಹುಬ್ಬಳ್ಳಿಯಲ್ಲಿ ತೋಳನಕೆರೆ ಇದೆ. ಹೆಸರು ಉಳಿದ ಕಡೆ ಪ್ರಾಣಿ ಉಳಿದಿಲ್ಲ. ಹ��ಸರಘಟ್ಟಕ್ಕೆ ನಾಳೆಯೇ ತೋಳ ಹಿಂತಿರುಗುತ್ತದೆ ಎಂದು ನಾನು ಹೇಳುತ್ತಿಲ್ಲ. ತಂದು ಬಿಡಬೇಕೆಂದೂ ಕೇಳುತ್ತಿಲ್ಲ. ಐದು ಸಾವಿರ ಎಕರೆಯ ಬಯಲು, ಸುತ್ತ ಹೆದ್ದಾರಿ ಮತ್ತು ಬಡಾವಣೆ ಇರುವಾಗ, ತೋಳದ ಗುಂಪನ್ನು ಪೋಷಿಸಲಾರದು. ಆದರೆ ನೆಲಮಂಗಲದಲ್ಲಿ ನಡೆದುಹೋದದ್ದು ಕೊಪ್ಪಳ, ಗದಗ, ಚಿತ್ರದುರ್ಗ, ತುಮಕೂರಿನ ಬಯಲುಗಳಲ್ಲಿ ಇನ್ನೂ ಪೂರ್ತಿಯಾಗಿ ನಡೆದಿಲ್ಲ. ಅಲ್ಲಿ ತೋಳವೂ ಇದೆ, ಕುರಿಗಾಹಿಯೂ ಇದ್ದಾನೆ, ಹುಲ್ಲೂ ಒಂದಿಷ್ಟು ಇದೆ. ಈ ಮೂರರಲ್ಲಿ ಒಂದನ್ನು ಕಳೆದು ಉಳಿದೆರಡನ್ನು ಉಳಿಸಿಕೊಳ್ಳುವ ದಾರಿ ಯಾವ ದೇಶದಲ್ಲೂ ಕಂಡುಬಂದಿಲ್ಲ. ತೋಳವನ್ನು ಉಳಿಸಬೇಕೆಂಬ ಬಯಕೆ ನಗರದ್ದು. ಅದಕ್ಕೆ ತೆರುವ ಕುರಿ ಹಳ್ಳಿಯದ್ದು. ಬಯಸುವವರು ಖರ್ಚಿನಲ್ಲಿಯೂ ಪಾಲು ತೆಗೆದುಕೊಳ್ಳುವುದು ನ್ಯಾಯ.